ಜಪಾನಿನ ನಮಸ್ಕಾರ ಡಾಲರ್ ಆದದ್ದು ಹೇಗೆ

ಪುಣೆ ಹತ್ತಿರದ ಚಾಕಣದಲ್ಲಿ, ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುವವನು. ಪ್ರಿಂಟರಿನಲ್ಲಿ ಪೇಪರ್ ಸಿಕ್ಕಿಕೊಂಡರೂ ನನಗೇ ಫೋನ್, ಸರ್ವರ್ ಮಲಗಿದರೂ ನನಗೇ ಫೋನ್. ಒಂದು ಸೋಮವಾರ ಬೆಳಿಗ್ಗೆ ಪರ್ಚೇಸ್ ಡಿಪಾರ್ಟ್‌ಮೆಂಟಿನ ಬೆಳಗಾವಿ ಕಾಕಾ ಕೂಗಿದರು.

"ತಮ್ಮಾ, ಲಗೂನ ಬಾ ಇಲ್ಲಿ. ಜಪಾನ್‌ದವ್ರು ರೇಟ್ ಕಳಿಸ್ಯಾರ ನೋಡು. ಒಂದ ಸಾಲಿನ್ಯಾಗ ಐದು ಡಾಲರ್ ಐತಿ!"

ಹೋಗಿ ನೋಡಿದೆ. ನಿಜ, ಮೊದಲ ಸಾಲಿನಲ್ಲೇ ಐದು ಡಾಲರ್ ಗುರುತು. ಡಾಲರ್ ಪಕ್ಕ 3, ಡಾಲರ್ ಪಕ್ಕ ಇಂಗ್ಲಿಷಿನ ಸಣ್ಣ ಎಸ್, ಆಮೇಲೆ ಡಾಲರ್ ಕೆ, ಡಾಲರ್ ಎ, ಡಾಲರ್ ಒ. ಕೆಳಗಿನ ಸಾಲುಗಳಲ್ಲಿ ಇನ್ನೂ ಜಾಸ್ತಿ ಡಾಲರ್, ನಡುನಡುವೆ ಶೇಕಡಾ ಗುರುತು. ಪರ್ಚೇಸ್‌ನಲ್ಲಿ ಇಪ್ಪತ್ತು ವರ್ಷ ಕೂತವರಿಗೆ ಇದು ರೇಟು, ಅದು ಡಿಸ್ಕೌಂಟು ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ ಬಿಡಿ.

ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ನನಗೆ ಗೊತ್ತಾಯಿತು. "ಕಾಕಾ, ಇದು ರೇಟ್ ಅಲ್ಲ. ಕೊನ್ನಿಚಿವಾ ಅಂತ ಬರೆದಿದ್ದಾರೆ. ನಮಸ್ಕಾರ ಅಂತ."

"ಒಂದ್ ನಮಸ್ಕಾರಕ್ಕ ಐದು ಡಾಲರ್ ಏನೋ?"

ಜಪಾನಿನ ಆಫೀಸ್ ಮೇಲುಗಳು ಸಾಮಾನ್ಯವಾಗಿ ಕೊನ್ನಿಚಿವಾದಿಂದ ಶುರುವಾಗುವುದಿಲ್ಲ, ಅದಕ್ಕಿಂತ ಬಿಗಿಯಾದ ಒಕ್ಕಣೆ ಇರುತ್ತದೆ. ಇದನ್ನು ಕಳಿಸಿದ ಎಂಜಿನಿಯರ್ ಹಿಂದಿನ ವರ್ಷ ಚಾಕಣಕ್ಕೆ ಬಂದು, ನಮ್ಮ ಜೊತೆ ನಿಂತು ವಡಾಪಾವ್ ತಿಂದು ಹೋದವರು. ಹಾಗಾಗಿ ಸ್ವಲ್ಪ ಸಲಿಗೆ. ಅವರು ಸರಿಯಾಗಿಯೇ ಬರೆದಿದ್ದರು, ಮೇಲ್ ಸರಿಯಾಗಿಯೇ ಬಂದಿತ್ತು. ಒಂದು ಅಕ್ಷರವೂ ಕಳೆದಿರಲಿಲ್ಲ. ಆದರೂ ಓದಲಾಗುತ್ತಿರಲಿಲ್ಲ.

ಇದು ಹೇಗೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಂಪ್ಯೂಟರಿಗೆ ಅಕ್ಷರ ಬರುವುದಿಲ್ಲ, ಅಂಕಿ ಮಾತ್ರ ಬರುತ್ತದೆ. ಯಾವ ಅಂಕಿಗೆ ಯಾವ ಅಕ್ಷರ ಅಂತ ಒಂದು ಪಟ್ಟಿ ಬೇಕು. ಆ ಒಪ್ಪಂದಕ್ಕೇ ಎನ್‌ಕೋಡಿಂಗ್ ಅನ್ನುವುದು. ಅಮೆರಿಕದಲ್ಲಿ 1963ರಲ್ಲಿ ಬಂದ ಆಸ್ಕಿ ಪಟ್ಟಿಯಲ್ಲಿ ಒಟ್ಟು 128 ಜಾಗ. ಅದರಲ್ಲಿ 65 ಅಂದರೆ ದೊಡ್ಡ ಎ, 36 ಅಂದರೆ ಡಾಲರ್ ಗುರುತು. ಮೊದಲ 32 ಜಾಗಗಳು ಅಕ್ಷರಗಳಿಗಲ್ಲ, 'ಸಾಲು ಬದಲಿಸು', 'ಗಂಟೆ ಬಾರಿಸು' ಅನ್ನುವಂಥ ಅಪ್ಪಣೆಗಳಿಗೆ. ಆಮೇಲೆ ಒಂದು ಖಾಲಿ ಜಾಗದ ಸ್ಪೇಸ್, ಕೊನೆಯಲ್ಲಿ ಒಂದು ಡಿಲೀಟ್. ಇವನ್ನೆಲ್ಲ ಕಳೆದರೆ ಕಣ್ಣಿಗೆ ಕಾಣುವ ಗುರುತುಗಳಿಗೆ ಉಳಿಯುವುದು 94.

ಇಂಗ್ಲಿಷಿಗೆ 94 ಧಾರಾಳವಾಯಿತು. ಜಪಾನಿಗೆ? ಅವರಿಗೆ ಹಿರಾಗಾನ ಲಿಪಿ ಬೇಕು, ಕಾತಾಕಾನ ಲಿಪಿ ಬೇಕು, ಚೀನಾದಿಂದ ಬಂದ ಕಾಂಜಿ ಅಕ್ಷರಗಳೂ ಬೇಕು. ಕಾಂಜಿಯೇ ಸಾವಿರಾರು. ಅವರು ಮಾಡಿದ್ದು ಜಾಣ ಕೆಲಸ. 94 ಸಾಲು, ಸಾಲಿಗೆ 94 ಸೀಟು ಇರುವ ದೊಡ್ಡ ಟಾಕೀಸ್ ಕಟ್ಟಿದರು ಅಂದುಕೊಳ್ಳಿ. ಒಟ್ಟು 8,836 ಸೀಟು. ಪ್ರತಿ ಅಕ್ಷರಕ್ಕೂ ಒಂದು ಸಾಲು ನಂಬರ್, ಒಂದು ಸೀಟು ನಂಬರ್. ಅಂದರೆ ಒಂದು ಅಕ್ಷರಕ್ಕೆ ಎರಡು ಅಂಕಿ. ಈ ಪಟ್ಟಿ ಮೊದಲು ಬಂದದ್ದು 1978ರಲ್ಲಿ. ಈಗ ಅದರಲ್ಲಿ 6,879 ಗುರುತುಗಳಿವೆ, ಅವುಗಳಲ್ಲಿ 6,355 ಕಾಂಜಿ. ಇದನ್ನು ಜಿಸ್ ಪಟ್ಟಿ ಅನ್ನುತ್ತಾರೆ.

ಆದರೆ ಮೇಲ್ ಸಾಗುವ ದಾರಿ ಆಗಿನ್ನೂ ಬಹಳ ಕಿರಿದು. 1982ರಲ್ಲಿ ಬರೆದ ಮೇಲ್ ನಿಯಮದ ಪ್ರಕಾರ ಆಸ್ಕಿಯ 128 ಅಂಕಿಗಳಷ್ಟೇ ಆ ದಾರಿಯಲ್ಲಿ ಹೋಗಬಹುದಿತ್ತು. ಅದಕ್ಕಿಂತ ದೊಡ್ಡ ಅಂಕಿ ಕಳಿಸಿದರೆ ನಡುವಿನ ಯಾವುದೋ ಸರ್ವರ್ ಅದರ ತುದಿ ಕತ್ತರಿಸಿಬಿಡಬಹುದಿತ್ತು. ಜಪಾನಿನಲ್ಲಿ 1984ರಲ್ಲಿ ಜುನ್ ಮುರಾಯಿ ಅವರು ವಿಶ್ವವಿದ್ಯಾಲಯಗಳನ್ನು ಜೋಡಿಸಿ ಜುನೆಟ್ ಅನ್ನುವ ಜಾಲ ಶುರು ಮಾಡಿದರು. ಈ ಕಿರಿದಾದ ದಾರಿಯಲ್ಲೇ ಜಪಾನಿ ಅಕ್ಷರ ಸಾಗಿಸಲು ಅಲ್ಲಿ ಬೆಳೆದ ಉಪಾಯ 1993ರ ಜೂನ್‌ನಲ್ಲಿ ಅಂತರಜಾಲದ ದಾಖಲೆಯಾಗಿ ಬಂತು. ಬರೆದ ಮೂವರಲ್ಲಿ ಮುರಾಯಿ ಅವರೂ ಒಬ್ಬರು. ಅದರ ಹೆಸರು ಐಎಸ್‌ಒ-2022-ಜೆಪಿ.

ಉಪಾಯ ಇಷ್ಟೇ. ಸಾಲು ನಂಬರಿಗೆ 32 ಕೂಡಿಸಿ, ಸೀಟು ನಂಬರಿಗೂ 32 ಕೂಡಿಸಿ. ಆಗ ಎರಡೂ ಅಂಕಿ ಆಸ್ಕಿಯ ಕಾಣುವ ಗುರುತುಗಳ ಒಳಗೇ ಬೀಳುತ್ತವೆ. ಆದರೆ ಓದುವವನಿಗೆ ಗೊಂದಲ ಆಗುತ್ತದಲ್ಲ? 36 ಬಂದರೆ ಅದು ಡಾಲರೋ, ಜಪಾನಿ ಸಾಲಿನ ನಂಬರೋ? ಅದಕ್ಕೇ ಮೊದಲು ಒಂದು ಸನ್ನೆ. 27ನೇ ಅಂಕಿ, ಅಂದರೆ ಎಸ್ಕೇಪ್. ಅದರ ಬೆನ್ನಿಗೇ ಡಾಲರ್ ಗುರುತು ಮತ್ತು ದೊಡ್ಡ ಬಿ ಬಂದರೆ 'ಇಲ್ಲಿಂದ ಜಪಾನಿ' ಅಂತ ಅರ್ಥ. ಎಸ್ಕೇಪ್, ತೆರೆದ ಕಂಸ, ಬಿ ಬಂದರೆ 'ಇಲ್ಲಿಂದ ಮತ್ತೆ ಇಂಗ್ಲಿಷ್'. ಎಸ್ಕೇಪ್ ಕಣ್ಣಿಗೆ ಕಾಣುವುದಿಲ್ಲ. ಮೊದಲ 32ರ ಒಳಗಿನ ಅಪ್ಪಣೆ ಅದು.

ಈಗ ಕಾಕಾ ಅವರ ಡಾಲರಿಗೆ ಬರೋಣ. ಜಿಸ್ ಟಾಕೀಸಿನಲ್ಲಿ ಹಿರಾಗಾನ ಅಕ್ಷರಗಳೆಲ್ಲ ಕೂರುವುದು 4ನೇ ಸಾಲಿನಲ್ಲಿ. 4ಕ್ಕೆ 32 ಕೂಡಿಸಿದರೆ 36. ಆಸ್ಕಿಯಲ್ಲಿ 36 ಅಂದರೆ ಡಾಲರ್! ಕೊನ್ನಿಚಿವಾ ಬರೆಯಲು ಐದು ಹಿರಾಗಾನ ಅಕ್ಷರ ಬೇಕು. ಅದಕ್ಕೇ ಐದು ಡಾಲರ್. 'ಕೊ' ಕೂರುವುದು 19ನೇ ಸೀಟಿನಲ್ಲಿ. 19ಕ್ಕೆ 32 ಕೂಡಿಸಿದರೆ 51, ಅದು ಆಸ್ಕಿಯಲ್ಲಿ 3ರ ಗುರುತು. ಹಾಗಾಗಿ ಡಾಲರ್ 3. ಕಾತಾಕಾನ 5ನೇ ಸಾಲು, ಕೂಡಿಸಿದರೆ 37, ಅದು ಶೇಕಡಾ ಗುರುತು. ಕಾಕಾ ಕಂಡ ಡಿಸ್ಕೌಂಟು ಅದೇ. ಕಾತಾಕಾನವನ್ನು ಹೆಚ್ಚಾಗಿ ಹೊರಗಿನ ಭಾಷೆಯ ಪದಗಳಿಗೆ ಬಳಸುತ್ತಾರೆ. ಬೋಲ್ಟು, ಗೇರು, ಎಂಜಿನ್ನು ಎಲ್ಲ ಆ ಲಿಪಿಯಲ್ಲೇ. ಬಿಡಿಭಾಗದ ಕಾರ್ಖಾನೆಗೆ ಬಂದ ಮೇಲಿನಲ್ಲಿ ಶೇಕಡಾ ಗುರುತು ತುಂಬಿರದೆ ಇನ್ನೇನು?

ಎಸ್ಕೇಪ್ ಎಲ್ಲಿ ಹೋಯಿತು ಅಂದರೆ, ನಮ್ಮಲ್ಲಿ ಮೇಲುಗಳನ್ನು ಎಳೆದುಕೊಂಡು ಕಂಪ್ಲೇಂಟ್ ರಿಜಿಸ್ಟರಿಗೆ ಹಾಕುವ ಒಂದು ಸಾಫ್ಟ್‌ವೇರ್ ಇತ್ತು. ಕಣ್ಣಿಗೆ ಕಾಣದ ಎಸ್ಕೇಪನ್ನೂ ಅದರ ಬೆನ್ನಿಗಿದ್ದ ಎರಡು ಗುರುತುಗಳನ್ನೂ ಅದು ಕಸ ಅಂದುಕೊಂಡು ಗುಡಿಸಿ ಹಾಕುತ್ತಿತ್ತು. ಸನ್ನೆ ಹೋಯಿತು, ಅಂಕಿಗಳು ಉಳಿದವು. ಟಿಕೆಟಿನ ಮೇಲೆ ಸೀಟು ನಂಬರ್ ಸರಿಯಾಗೇ ಇದೆ, ಟಾಕೀಸಿನ ಹೆಸರು ಮಾತ್ರ ಹರಿದುಹೋಗಿದೆ.

ಜಪಾನಿನಲ್ಲಿ ಇಂಥ ಅವತಾರಕ್ಕೆ ಮೊಜಿಬಕೆ ಅನ್ನುತ್ತಾರೆ. ಮೊಜಿ ಅಂದರೆ ಅಕ್ಷರ. ಬಕೆ ಅಂದರೆ ರೂಪ ಬದಲಿಸುವುದು. ಅಲ್ಲಿನ ಜನಪದ ಕಥೆಗಳಲ್ಲಿ ನರಿ ಹೆಣ್ಣಿನ ರೂಪ ತಾಳುತ್ತದಲ್ಲ, ಅದಕ್ಕೂ ಇದೇ ಮಾತು. ಅಕ್ಷರ ಸತ್ತಿಲ್ಲ, ವೇಷ ಹಾಕಿದೆ. ನನಗೆ ಈ ಹೆಸರು ಬಹಳ ಹಿಡಿಸಿತು.

ಒಂದೇ ಪಟ್ಟಿ ಇದ್ದಿದ್ದರೆ ಇಷ್ಟು ತಾಪತ್ರಯ ಆಗುತ್ತಿರಲಿಲ್ಲ. ಆದರೆ ಮೇಲಿಗೆ ಒಂದು ರೀತಿ ಆದರೆ ಆಫೀಸಿನ ಕಂಪ್ಯೂಟರಿಗೆ ಇನ್ನೊಂದು. 1980ರ ದಶಕದ ಶುರುವಿನಲ್ಲಿ ಪರ್ಸನಲ್ ಕಂಪ್ಯೂಟರುಗಳಿಗಾಗಿ ಶಿಫ್ಟ್-ಜಿಸ್ ಬಂತು. ಯುನಿಕ್ಸ್ ಯಂತ್ರಗಳು ಇಯುಸಿ ಅನ್ನುವ ಮೂರನೆಯದನ್ನು ಹಿಡಿದವು. ಅಕ್ಷರಗಳ ಟಾಕೀಸ್ ಅದೇ, ಸೀಟು ನಂಬರ್ ಬರೆಯುವ ಲೆಕ್ಕ ಮಾತ್ರ ಬೇರೆ ಬೇರೆ.

ಶಿಫ್ಟ್-ಜಿಸ್‌ನಲ್ಲಿ ಒಂದು ಕಿತಾಪತಿ ಇದೆ. ಕೆಲವು ಅಕ್ಷರಗಳ ಎರಡನೇ ಅಂಕಿ 92 ಆಗಿರುತ್ತದೆ. ಆಸ್ಕಿಯಲ್ಲಿ 92 ಅಂದರೆ ಹಿಂದಕ್ಕೆ ಬಾಗಿದ ಗೀಟು, ಬ್ಯಾಕ್‌ಸ್ಲಾಶ್. ಪ್ರೋಗ್ರಾಮುಗಳಲ್ಲಿ ಅದಕ್ಕೆ ವಿಶೇಷ ಅರ್ಥ ಇರುವುದರಿಂದ ಅದು ಕಂಡ ತಕ್ಷಣ ಸಾಫ್ಟ್‌ವೇರ್ ಅದನ್ನು ನುಂಗಿಬಿಡುತ್ತದೆ. ಅಕ್ಷರದ ಅರ್ಧ ದೇಹ ಹೋಗಿ, ಮುಂದಿನ ಅಕ್ಷರದ ಅರ್ಧ ಅಂಟಿಕೊಂಡು, ಅಲ್ಲಿಂದ ಮುಂದೆ ಎಲ್ಲವೂ ಎಡವಟ್ಟು. ಕಾತಾಕಾನದ 'ಸೊ' ಇಂಥ ಒಂದು ಅಕ್ಷರ. ಸಾಫ್ಟ್‌ವೇರ್ ಅನ್ನುವ ಪದವನ್ನೇ ಜಪಾನಿಯಲ್ಲಿ ಬರೆಯಲು ಹೊರಟರೆ ಮೊದಲು ಬರುವುದು ಅದೇ ಸೊ. ಸಾಫ್ಟ್‌ವೇರಿಗೆ ತನ್ನ ಹೆಸರೇ ಬರೆಯಲು ಬರುವುದಿಲ್ಲ! ಇನ್ನೊಂದು ಮಜಾ ಅಂದರೆ, ಜಪಾನಿನವರು 92ರ ಜಾಗದಲ್ಲಿ ತಮ್ಮ ಯೆನ್ ಗುರುತು ಕೂರಿಸಿದ್ದರು. ಅದಕ್ಕೇ ಅಲ್ಲಿನ ವಿಂಡೋಸ್ ಕಂಪ್ಯೂಟರುಗಳಲ್ಲಿ ಫೋಲ್ಡರಿನ ವಿಳಾಸ ನೋಡಿದರೆ ಹೆಸರುಗಳ ನಡುವೆ ಯೆನ್ ಗುರುತು ಕಾಣುತ್ತದೆ. ಕಾಕಾಗೆ ಇದನ್ನು ನಾನು ಹೇಳಿಲ್ಲ, ಅಲ್ಲೂ ರೇಟು ಹುಡುಕಿಯಾರು.

ನಿಜವಾಗಿ ಕೆಲಸ ಕೆಡಿಸುವುದು ಪಟ್ಟಿಯ ಹೊರಗಿನ ಅಕ್ಷರಗಳು. ಜಿಸ್ ಪಟ್ಟಿಯಲ್ಲಿ ಕೆಲವು ಸಾಲುಗಳು ಖಾಲಿ ಇದ್ದವು. ಕಂಪ್ಯೂಟರ್ ಕಂಪನಿಗಳು ಅಲ್ಲಿ ತಮಗೆ ಬೇಕಾದ್ದನ್ನು ತುಂಬಿಕೊಂಡವು. ವಿಂಡೋಸ್‌ನಲ್ಲಿ 13ನೇ ಸಾಲಿನಲ್ಲಿ ವೃತ್ತದೊಳಗಿನ 1, 2, 3 ಇವೆ. ಹಳೆಯ ಮ್ಯಾಕ್‌ನಲ್ಲಿ ಅದೇ ಸೀಟುಗಳಲ್ಲಿ ವಾರದ ದಿನಗಳ ಗುರುತು. ವಿಂಡೋಸಿನಿಂದ ಯಾರೋ ವೃತ್ತದ 1, 2, 3 ಹಾಕಿ ಮೂರು ಹಂತದ ಪರೀಕ್ಷೆ ಬರೆದು ಕಳಿಸಿದರೆ, ಮ್ಯಾಕ್‌ನಲ್ಲಿ ಓದುವವನಿಗೆ ಅದು ಭಾನುವಾರ, ಸೋಮವಾರ, ಮಂಗಳವಾರ. ಡಾಲರ್ ಬಂದರೆ ಏನೋ ಕೆಟ್ಟಿದೆ ಅಂತ ಗೊತ್ತಾಗುತ್ತದೆ. ಭಾನುವಾರ ಅಂತ ಬಂದರೆ ಗೊತ್ತೇ ಆಗುವುದಿಲ್ಲ, ಭಾನುವಾರ ಫ್ಯಾಕ್ಟರಿ ಬಾಗಿಲು ತೆಗೆದು ಕಾಯುತ್ತೇವೆ.

ಮನುಷ್ಯರ ಹೆಸರುಗಳೂ ಹೀಗೆ ಒದ್ದಾಡುತ್ತವೆ. ತಾಕಾಹಾಶಿ ಜಪಾನಿನಲ್ಲಿ ಬಹಳ ಸಾಮಾನ್ಯವಾದ ಮನೆತನದ ಹೆಸರು. ಅದರ 'ತಾಕಾ'ವನ್ನು ಕೆಲವರು ನಡುವೆ ಏಣಿಯಂತೆ ಕಾಣುವ ರೂಪದಲ್ಲಿ ಬರೆಯುತ್ತಾರೆ. ಆ ಏಣಿಯ ರೂಪ ಜಿಸ್ ಪಟ್ಟಿಯಲ್ಲಿ ಇಲ್ಲ. ಹಳೆಯ ಮೇಲ್ ಪದ್ಧತಿಯಲ್ಲಿ ಕಳಿಸಿದರೆ ಅಲ್ಲಿ ಪ್ರಶ್ನೆ ಗುರುತು ಬರುತ್ತದೆ, ಇಲ್ಲವೇ ಎರಡು ದಪ್ಪ ಅಡ್ಡಪಟ್ಟಿಗಳ ಒಂದು ಗುರುತು. ಅದಕ್ಕೆ ಗೆತಾ ಅಂತ ಹೆಸರು, ಅಂದರೆ ಮರದ ಪಾದುಕೆ. ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲದಲ್ಲಿ ಬೇಕಾದ ಮೊಳೆ ಸಿಗದಿದ್ದರೆ ಯಾವುದೋ ಮೊಳೆಯನ್ನು ತಲೆಕೆಳಗಾಗಿ ಇಡುತ್ತಿದ್ದರಂತೆ. ಅದರ ಬುಡದ ಗುರುತು ಪಾದುಕೆಯ ಹೆಜ್ಜೆಯಂತೆ ಮೂಡುತ್ತಿತ್ತು.

ಈಗ ಹೆಚ್ಚಿನ ಮೇಲುಗಳು ಬರುವುದು ಯುಟಿಎಫ್-8ರಲ್ಲಿ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿ ಇರಲಿ ಅಂತ 1991ರಲ್ಲಿ ಯುನಿಕೋಡ್ ಬಂತು. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ ಜಾಗ. ನಮ್ಮ 'ಕ' 3221. ಜಪಾನಿನ 'ಅ' 12354. ಇಷ್ಟು ದೊಡ್ಡ ಅಂಕಿಗಳನ್ನು ಸಣ್ಣ ತುಂಡು ಮಾಡಿ ಬರೆಯುವ ರೀತಿ ಯುಟಿಎಫ್-8. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರ ಸೆಪ್ಟೆಂಬರಿನಲ್ಲಿ ಇದನ್ನು ರೂಪಿಸಿದ್ದು ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಾಗ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ. ಕನ್ನಡದ ಅಕ್ಷರಕ್ಕೂ ಹಿರಾಗಾನಕ್ಕೂ ಇದರಲ್ಲಿ ಮೂರು ಮೂರು ತುಂಡು.

ಹಾಗಾದರೆ ಸಮಸ್ಯೆ ಮುಗಿಯಿತಾ? ಇಲ್ಲ. ಯಾವ ಪಟ್ಟಿ ಅಂತ ಹೇಳುವ ಚೀಟಿ ತಪ್ಪಾದರೆ ಯುಟಿಎಫ್-8 ಕೂಡ ವೇಷ ಹಾಕುತ್ತದೆ. ಅದನ್ನು ಪಶ್ಚಿಮ ಯುರೋಪಿನ ಪಟ್ಟಿ ಹಿಡಿದು ಓದಿದರೆ ಹಿರಾಗಾನ, ಕಾತಾಕಾನಗಳ ಜಾಗದಲ್ಲಿ ತಲೆ ಮೇಲೆ ಅಲೆಯಿರುವ ಸಣ್ಣ ಎ ಸಾಲುಗಟ್ಟುತ್ತದೆ. ಕನ್ನಡವಾದರೆ ತಲೆ ಮೇಲೆ ಓರೆ ಗೀಟಿರುವ ಎ, ಪಕ್ಕದಲ್ಲಿ ಮೇಲಕ್ಕೆ ಏರಿಸಿದ ಪುಟ್ಟ 2 ಅಥವಾ 3. ಮನೆಯಿಂದ ಬಂದ ಮೇಲಿನಲ್ಲಿ ಇದನ್ನು ನೀವೂ ನೋಡಿರುತ್ತೀರಿ. ಅದನ್ನೇ ಶಿಫ್ಟ್-ಜಿಸ್ ಅಂದುಕೊಂಡು ಓದಿದರೆ ಬೇರೆ ತಮಾಷೆ. ಇಡೀ ಮೇಲು ವಿಚಿತ್ರ ಕಾಂಜಿಗಳಿಂದ ತುಂಬುತ್ತದೆ. ಅವುಗಳಲ್ಲಿ ಪದೇ ಪದೇ ಬರುವ ಒಂದು ಕಾಂಜಿಗೆ ಜಪಾನಿಯಲ್ಲಿ 'ದಾರ ಗೋಜಲಾಗುವುದು' ಅಂತ ಅರ್ಥ! ನಮ್ಮ ಕಾರ್ಖಾನೆಯಲ್ಲಿ ದುಭಾಷಿ ಕೆಲಸ ಮಾಡುವ ಧಾರವಾಡದ ಹುಡುಗಿ ಇದನ್ನು ತೋರಿಸಿ ಬಹಳ ಹೊತ್ತು ನಕ್ಕಳು. ಪುಣೆಯಲ್ಲಿ ಜಪಾನಿ ಕಲಿಯುವವರು ಬಹಳ. ಜಪಾನಿನ ಓಕಾಯಾಮಾ ಊರಿನ ಸ್ನೇಹದ ಗುರುತಾಗಿ ಸಿಂಹಗಡ ರಸ್ತೆಯಲ್ಲಿ ಒಂದು ಉದ್ಯಾನವೇ ಇದೆ. ಆದರೆ ಮೊಜಿಬಕೆಯನ್ನು ಯಾವ ಕ್ಲಾಸಿನಲ್ಲೂ ಹೇಳಿಕೊಡಲಿಲ್ಲ ಅಂತ ಅವಳ ದೂರು.

ಚೀಟಿ ಅಂದೆನಲ್ಲ, ಅದು 1992ರಲ್ಲಿ ಬಂದ ಮೈಮ್ ನಿಯಮದ ಕೊಡುಗೆ. ಪ್ರತಿ ಮೇಲಿನ ತಲೆಯಲ್ಲಿ 'ಇದು ಇಂಥ ಪಟ್ಟಿಯ ಪ್ರಕಾರ ಬರೆದದ್ದು' ಅನ್ನುವ ಒಂದು ಸಾಲು ಇರುತ್ತದೆ. ವಿಷಯದ ಸಾಲಿಗೆ, ಅಂದರೆ ಸಬ್ಜೆಕ್ಟಿಗೆ, ಬೇರೆ ಏರ್ಪಾಡು. ಅಲ್ಲಿ ಈಕ್ವಲ್ ಗುರುತು, ಪ್ರಶ್ನೆ ಗುರುತು, ಪಟ್ಟಿಯ ಹೆಸರು, ಆಮೇಲೆ ಗಂಟು ಕಟ್ಟಿದ ಅಕ್ಷರಗಳು. ಮೇಲ್ ಸಾಫ್ಟ್‌ವೇರ್ ಈ ಗಂಟನ್ನು ಬಿಚ್ಚಿ ತೋರಿಸಬೇಕು. ಬಿಚ್ಚದೆ ಹಾಗೇ ತೋರಿಸಿದಾಗ ಜಿ, ವೈ, ಆರ್, ಸಿ ಅಂತ ಶುರುವಾಗುವ ಕಸ ಕಂಡರೆ ಅದು ಹಳೆಯ ಜಪಾನಿ ಪದ್ಧತಿ ಅಂತ ಕಣ್ಣುಮುಚ್ಚಿ ಹೇಳಬಹುದು. ಎಸ್ಕೇಪ್, ಡಾಲರ್, ಬಿ ಮೂರನ್ನೂ ಗಂಟು ಕಟ್ಟಿದರೆ ಬರುವುದೇ ಆ ನಾಲ್ಕು ಅಕ್ಷರ. ಒಂದು ಗಂಟು 75 ಅಕ್ಷರ ಮೀರಬಾರದು ಅಂತ ನಿಯಮ. ಉದ್ದ ವಿಷಯವಾದರೆ ಎರಡು ಮೂರು ಗಂಟು. ಕೆಲವು ಸಾಫ್ಟ್‌ವೇರ್‌ಗಳು ಒಂದು ಅಕ್ಷರವನ್ನೇ ಎರಡು ಗಂಟಿಗೆ ಹರಿದು ಹಾಕುತ್ತವೆ. ಹಾಗೆ ಮಾಡಬಾರದು ಅಂತ ನಿಯಮದಲ್ಲಿ ಬರೆದಿದೆ, ಆದರೂ ಮಾಡುತ್ತವೆ. ವಿಷಯದ ನಟ್ಟನಡುವೆ ಮಾತ್ರ ಒಂದು ಅಕ್ಷರ ಕೆಟ್ಟಿದ್ದರೆ ಕಾರಣ ಹೆಚ್ಚಾಗಿ ಇದೇ.

ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಒಂದು. ಕಸ ಕಂಡರೆ ಗಾಬರಿ ಬೇಡ, ಸಾಲು ಸಾಲು ಪ್ರಶ್ನೆ ಗುರುತು ಕಂಡರೆ ಗಾಬರಿ ಆಗಿ. ಕಸ ಅಂದರೆ ಅಂಕಿಗಳು ಜೀವಂತ ಇವೆ, ತಪ್ಪು ಪಟ್ಟಿ ಹಿಡಿದಿದ್ದೇವೆ ಅಂತ. ಪ್ರಶ್ನೆ ಗುರುತು ಹಾಗಲ್ಲ. ದಾರಿಯಲ್ಲಿ ಯಾವುದೋ ಸಾಫ್ಟ್‌ವೇರ್ ಈ ಅಕ್ಷರ ನನ್ನ ಪಟ್ಟಿಯಲ್ಲಿ ಇಲ್ಲ ಅಂತ ನಿಜವಾದ ಅಂಕಿ ಕಿತ್ತೆಸೆದು 63 ಅಂತ ಬರೆದಿದೆ. ಆಸ್ಕಿಯಲ್ಲಿ 63 ಅಂದರೆ ಪ್ರಶ್ನೆ ಗುರುತು. ಅದನ್ನು ಯಾರೂ ವಾಪಸ್ ತರಲಾರರು. ಕಳಿಸಿದವರಿಗೇ ಫೋನ್ ಮಾಡಬೇಕು.

ಕಸ ಬಂದಾಗ ಜನ ಮಾಡುವ ದೊಡ್ಡ ತಪ್ಪು ಅದನ್ನು ಕಾಪಿ ಮಾಡಿ ನನಗೆ ಕಳಿಸುವುದು. 'ನೋಡಿ ಹೀಗೆ ಬಂದಿದೆ' ಅಂತ. ಕಳಿಸುವಾಗಲೇ ಅದು ಸಾಯುತ್ತದೆ. ಪಶ್ಚಿಮ ಯುರೋಪಿನ ವಿಂಡೋಸ್ ಪಟ್ಟಿಯಲ್ಲಿ ಐದು ಸೀಟುಗಳು ಖಾಲಿ. ಅದರಲ್ಲಿ 129 ಒಂದು. ದುರದೃಷ್ಟಕ್ಕೆ ಯುಟಿಎಫ್-8ರಲ್ಲಿ ಹೆಚ್ಚಿನ ಹಿರಾಗಾನ ಅಕ್ಷರಗಳ ನಡುವಿನ ತುಂಡು ಅದೇ 129. ಖಾಲಿ ಸೀಟು ಕಾಪಿ ಆಗುವ ಹೊತ್ತಿಗೆ ಉದುರಿ ಹೋಗುವುದೇ ಹೆಚ್ಚು. ಹಾಗಾಗಿ ಫಾರ್ವರ್ಡ್ ಮಾಡಬೇಡಿ, ಕಾಪಿ ಮಾಡಬೇಡಿ. ಮೂಲ ಮೇಲನ್ನೇ ಅಟ್ಯಾಚ್‌ಮೆಂಟ್ ಆಗಿ ಕಳಿಸಿ. ಆಮೇಲೆ ಆ ಮೇಲ್‌ನ ಸೋರ್ಸ್, ಅಂದರೆ ಒಳಗಿನ ಮೂಲ ಬರಹ, ತೆರೆದು ಚೀಟಿ ನೋಡಬಹುದು. ಡೆಸ್ಕ್‌ಟಾಪಿನ ಹಳೆಯ, ಅಂದರೆ ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಎನ್‌ಕೋಡಿಂಗ್ ಬದಲಿಸುವ ಮೆನು ಇದೆ, ಥಂಡರ್‌ಬರ್ಡ್‌ನಲ್ಲಿ ಅಕ್ಷರ ರಿಪೇರಿ ಮಾಡುವ ಆಯ್ಕೆ ಇದೆ. ಮೊದಲು ಯುಟಿಎಫ್-8, ಆಗದಿದ್ದರೆ ಶಿಫ್ಟ್-ಜಿಸ್, ಕೊನೆಗೆ ಐಎಸ್‌ಒ-2022-ಜೆಪಿ. ಎರಡು ನಿಮಿಷದ ಕೆಲಸ. ಫೈಲುಗಳ ಹೆಸರಿಗೆ ಮಾತ್ರ ನಾನು ಸೋತು, ಡ್ರಾಯಿಂಗ್ ಕಳಿಸುವಾಗ ಹೆಸರನ್ನು ಇಂಗ್ಲಿಷಿನಲ್ಲೇ ಇಡಿ ಅಂತ ಜಪಾನಿಗೆ ಬರೆದುಬಿಟ್ಟಿದ್ದೇನೆ.

ಹೋದ ತಿಂಗಳು ಕಾಕಾ ಮತ್ತೆ ಕೂಗಿದರು. ಈ ಸಲ ದನಿಯಲ್ಲಿ ವಿಶ್ವಾಸ ಇತ್ತು. "ತಮ್ಮಾ, ನನ್ನ ತಂಗಿ ಮಗಳ ಲಗ್ನಪತ್ರಿಕೆ ಬಂದೈತಿ. ಅದೂ ಜಪಾನಿ ಆಗಿಬಿಟ್ಟೈತಿ. ನಿನ್ನ ಎಸ್ಕೇಪ್ ಹಾಕಿ ಸರಿ ಮಾಡು."

ನೋಡಿದರೆ ಪೌಂಡ್ ಗುರುತು, ತಲೆಗೆ ಗೀಟು ಹಾಕಿದ ದೊಡ್ಡ ಎ, ಅಲ್ಲೊಂದು ಇಲ್ಲೊಂದು ಕ್ಯೂ. ಕನ್ನಡಿಗರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ. ಪ್ರೆಸ್ಸಿನವರು ನುಡಿ ಫಾಂಟಿನಲ್ಲಿ ಮಾಡಿದ್ದ ಫೈಲು. ಇದು ಮೊಜಿಬಕೆಯ ದಾಯಾದಿ ಅನ್ನಬಹುದು, ಆದರೆ ಕಥೆ ಉಲ್ಟಾ. ಜಪಾನಿ ಮೇಲಿನಲ್ಲಿ ಅಂಕಿಗಳು ನಿಜವಾಗಿಯೂ ಜಪಾನಿಯವು, ಓದುವ ಪಟ್ಟಿ ತಪ್ಪು. ಇಲ್ಲಿ ಅಂಕಿಗಳೇ ಇಂಗ್ಲಿಷಿನವು. ಎ ಜಾಗದಲ್ಲಿ ಕನ್ನಡದ ಚಿತ್ರ ಬರೆದ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಫಾಂಟ್ ಇಲ್ಲದಿದ್ದರೆ ಬಣ್ಣ ಕಳಚುತ್ತದೆ. ಎನ್‌ಕೋಡಿಂಗ್ ಮೆನುವಿನಲ್ಲಿ ಏನು ಆರಿಸಿದರೂ ಪ್ರಯೋಜನವಿಲ್ಲ.

ಭಾರತದ ಲಿಪಿಗಳಿಗೂ ಸರಿಯಾದ ಒಂದು ಪಟ್ಟಿ ಇತ್ತು, ಇಸ್ಕಿ ಅಂತ. 1991ರಲ್ಲಿ ಅದು ಭಾರತೀಯ ಮಾನಕವೂ ಆಯಿತು. ಅದನ್ನು ಬಳಸುವ ತಂತ್ರವನ್ನು ಬೆಳೆಸಿದ್ದು ಇದೇ ಪುಣೆಯ ಸಿ-ಡ್ಯಾಕ್ ಅನ್ನುವ ಸರ್ಕಾರಿ ಕಂಪ್ಯೂಟರ್ ಸಂಸ್ಥೆ. ಯುನಿಕೋಡಿನಲ್ಲಿ ನಮ್ಮ ಅಕ್ಷರಗಳು ಕೂತಿರುವ ಕ್ರಮ ಕೂಡ 1988ರ ಇಸ್ಕಿಯದೇ. ಆದರೆ ಅಚ್ಚಿನ ಮನೆಗಳು ಫಾಂಟಿನ ದಾರಿಯನ್ನೇ ಹಿಡಿದವು. ಅವರಿಗೆ ಬೇಕಾಗಿದ್ದು ಕಾಗದದ ಮೇಲೆ ಚಂದ ಕಾಣುವುದು, ಮೇಲಿನಲ್ಲಿ ಸಾಗುವುದಲ್ಲ.

ಕಾಕಾಗೆ ಇಷ್ಟೆಲ್ಲ ಹೇಳಲಿಲ್ಲ. ಫೈಲನ್ನು ಯುನಿಕೋಡಿಗೆ ಬದಲಿಸುವ ಕನ್ವರ್ಟರಿನಲ್ಲಿ ಹಾಕಿ ಕೊಟ್ಟೆ. ಅವರು ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನವರೆಗೆ ಓದಿದರು, ಮತ್ತೊಮ್ಮೆ ಓದಿದರು.

"ಎಲ್ಲಾ ಬರೋಬ್ಬರಿ ಬಂತು ನೋಡು. ಅಕ್ಷತಾದ ಟೈಮ್ ಒಂದ ಇಲ್ಲ."

ಅದನ್ನು ಪ್ರೆಸ್ಸಿನವರು ಬರೆದೇ ಇರಲಿಲ್ಲ.